ಭಾನುವಾರ ಬೌನ್ಸ್ ಆದ ಇಎಂಐ: ಆಟೊ ಡೆಬಿಟ್ ನಿಲ್ಲಿಸಿಬಿಡಬೇಕಾ?

ಓದುಗರ ಪ್ರಶ್ನೆ: ನಾನು ಗದಗ-ಬೆಟಗೇರಿಯವಳು, ಅನುದಾನಿತ ಪ್ರೌಢಶಾಲೆಯಲ್ಲಿ ಶಿಕ್ಷಕಿ. ಪಗಾರ ಒಂದು ಬ್ಯಾಂಕಿಗೆ ಬರುತ್ತದೆ. ಮನೆ ಸಾಲ ಒಂದು ಹೌಸಿಂಗ್ ಫೈನಾನ್ಸ್ ಕಂಪನಿಯದು. ಅದರ ಇಎಂಐ 14,200 ರೂ. ನನ್ನ ಇನ್ನೊಂದು ಬ್ಯಾಂಕಿನ ಉಳಿತಾಯ ಖಾತೆಯಿಂದ ಪ್ರತಿ ತಿಂಗಳು 5ಕ್ಕೆ ಕಟ್ ಆಗುತ್ತದೆ. ಅದೇ ಖಾತೆಯಿಂದ 10ಕ್ಕೆ 3,000 ರೂ. ಆರ್‌ಡಿಗೆ ಹೋಗುತ್ತದೆ. ಇವೆರಡಕ್ಕೂ ಆಗಲಿ ಎಂದು ಪಗಾರ ಖಾತೆಯಿಂದ 5ನೇ ತಾರೀಖಿಗೇ 18,000 ರೂ. ತಾನಾಗಿ ಹೋಗುವಂತೆ ಬರೆದುಕೊಟ್ಟಿದ್ದೇನೆ. ಮಿಕ್ಕಿದ 800 ರೂ. ಎಟಿಎಂನಲ್ಲಿ ತೆಗೆದುಕೊಳ್ಳುತ್ತೇನೆ. ಐದಾರು ತಿಂಗಳು ಸರಿಯಾಗಿ ನಡೆಯಿತು. ಕಳೆದ ತಿಂಗಳು 5ನೇ ತಾರೀಖು ಭಾನುವಾರ ಬಂತು. ಇಎಂಐ ಬೌನ್ಸ್ ಆಯಿತು, 18,000 ಸೋಮವಾರ ಬಂತು. ಕೂಡಲೇ ಕಂಪನಿ ಕಳಿಸಿದ ಲಿಂಕ್‌ನಲ್ಲಿ ಇಎಂಐ ಮತ್ತು ದಂಡ 590 ರೂ. ಕಟ್ಟಿದೆ. ಆದರೂ 8ಕ್ಕೆ ಮತ್ತೊಮ್ಮೆ ಬೌನ್ಸ್ ಎಂದು ಮೆಸೇಜ್ ಬಂತು! ಬ್ಯಾಂಕಿನವರು ಎರಡು ಸಲ 295 ರೂ. ಕಡಿದಿದ್ದಾರೆ. ಭಾವನವರು, "ಇದು ಖಾಲಿ ಚೆಕ್ಕಿಗೆ ಸಹಿ ಮಾಡಿಕೊಟ್ಟಂಗ, ಎಲ್ಲಾ ರದ್ದು ಮಾಡ್ಸು, ಬೌನ್ಸ್ ಆದ್ರ ಜೈಲಿಗೂ ಹಾಕ್ತಾರ" ಅನ್ನುತ್ತಾರೆ. ನನ್ನ ಪಗಾರ ಒಂದು ತಿಂಗಳು 1ಕ್ಕೆ ಬಂದರೆ ಇನ್ನೊಂದು ತಿಂಗಳು 6ಕ್ಕೆ ಬರುತ್ತದೆ. ಮಗಳ ಹೆಸರಲ್ಲಿ ಅಂಚೆ ಕಚೇರಿಯ ಸುಕನ್ಯಾ ಖಾತೆಯೂ ಇದೆ. ಎಲ್ಲ ನಿಲ್ಲಿಸಿ, ಮೊದಲಿನ ಹಾಗೆ ಮನೆಗೆ ಬರುವ ಪಿಗ್ಮಿ ಏಜೆಂಟರ ಕೈಗೆ ಕೊಡುವುದೇ ಒಳ್ಳೆಯದಾ?

ಉತ್ತರ: ಮೇಡಂ, ಮೊದಲು ಜೈಲಿನ ಹೆದರಿಕೆ ಬಿಡಿ. ಹಣ ಇತ್ತು, ನಿಮ್ಮ ಉದ್ದೇಶವೂ ಸರಿ ಇತ್ತು. ತಾರೀಖುಗಳ ಹೊಂದಾಣಿಕೆ ಮಾತ್ರ ತಪ್ಪಿತ್ತು. ಹುಬ್ಬಳ್ಳಿಯ ಶಾಖೆಗಳಲ್ಲಿ ಕೌಂಟರಿನ ಆಚೆ ಕೂತಿದ್ದಾಗ ಪ್ರತಿ ತಿಂಗಳ ಮೊದಲ ವಾರ ನಾನು ನೋಡುತ್ತಿದ್ದದ್ದು ಇದೇ. ಒಂದು ಖಾತೆಯಲ್ಲಿ ರೊಕ್ಕ ಇರುತ್ತದೆ, ಕಟ್ ಆಗಬೇಕಾದ ಖಾತೆಯಲ್ಲಿ ಇರುವುದಿಲ್ಲ. ಇಂಥವರಲ್ಲಿ ಹೆಚ್ಚಿನವರು ಬಹಳ ಶಿಸ್ತಿನ ಜನ.

ನಿಮ್ಮ ಖಾತೆಗಳ ನಡುವೆ ಎರಡು ಬೇರೆ ಬೇರೆ ವ್ಯವಸ್ಥೆಗಳು ಓಡುತ್ತಿವೆ. ಎರಡನ್ನೂ ಜನ ಆಟೊ ಡೆಬಿಟ್ ಎಂದೇ ಕರೆಯುತ್ತಾರೆ, ಗೊಂದಲ ಅಲ್ಲಿಂದಲೇ ಶುರು. ಪಗಾರ ಖಾತೆಯಿಂದ ಹೋಗುವ 18,000 ನೀವು ನಿಮ್ಮ ಬ್ಯಾಂಕಿಗೆ ಕೊಟ್ಟ ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್. "ಈ ತಾರೀಖಿಗೆ ಇಷ್ಟು ಹಣ ಅಲ್ಲಿಗೆ ಕಳಿಸಿ" ಎಂದು ನೀವು ಹೇಳಿದ್ದೀರಿ, ಬ್ಯಾಂಕು ಕಳಿಸುತ್ತದೆ. ಇಎಂಐ ಹಾಗಲ್ಲ. ಅದು ನ್ಯಾಚ್ ಮ್ಯಾಂಡೇಟ್. ಎನ್‌ಪಿಸಿಐ (ದೇಶದ ಪಾವತಿ ನಿಗಮ) ನಡೆಸುವ ವ್ಯವಸ್ಥೆಯ ಮೂಲಕ ಸಾಲ ಕೊಟ್ಟ ಕಂಪನಿಯೇ ನಿಮ್ಮ ಖಾತೆಯಿಂದ ಹಣ ಎಳೆದುಕೊಳ್ಳುತ್ತದೆ. ನೀವು ಹಿಂದೊಮ್ಮೆ ಕೊಟ್ಟ ಒಪ್ಪಿಗೆ ಅದಕ್ಕೆ ಆಧಾರ. ಒಂದು ಕಡೆ ನಿಮ್ಮ ಬ್ಯಾಂಕು ಕಳಿಸುತ್ತದೆ, ಇನ್ನೊಂದು ಕಡೆ ಬೇರೆಯವರು ಎಳೆಯುತ್ತಾರೆ. ಒಬ್ಬರ ವೇಳಾಪಟ್ಟಿ ಇನ್ನೊಬ್ಬರಿಗೆ ಗೊತ್ತಿಲ್ಲ.

ಈಗ ಆ ಭಾನುವಾರಕ್ಕೆ ಬರೋಣ. "ರಜಾ ದಿನ ಬ್ಯಾಂಕ್ ವ್ಯವಹಾರ ನಡೆಯುವುದಿಲ್ಲ, ಸೋಮವಾರ ಕಟ್ ಆಗುತ್ತದೆ" ಎಂದು ಈಗಲೂ ಬಹಳ ಜನ ನಂಬಿದ್ದಾರೆ. ಮೊದಲು ಹಾಗೇ ಇತ್ತು. ಆದರೆ 2021ರ ಆಗಸ್ಟ್ 1ರಿಂದ ನ್ಯಾಚ್ ವಾರದ ಏಳೂ ದಿನ ನಡೆಯುತ್ತದೆ. ಭಾನುವಾರ, ಯುಗಾದಿ, ದೀಪಾವಳಿ ಯಾವುದೂ ಅಡ್ಡಿಯಿಲ್ಲ. ಅದೂ ಸಾಮಾನ್ಯವಾಗಿ ಬೆಳಗ್ಗೆಯೇ ಖಾತೆಗೆ ಬಂದು ತಟ್ಟುತ್ತದೆ. ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ ಯಾವ ಹೊತ್ತಿಗೆ ಓಡಬೇಕು ಎನ್ನುವುದು ಮಾತ್ರ ಆಯಾ ಬ್ಯಾಂಕಿನ ನಿರ್ಧಾರ. ಬ್ಯಾಂಕಿನಿಂದ ಬ್ಯಾಂಕಿಗೆ ಹಣ ಕಳಿಸುವ ಎನ್‌ಇಎಫ್‌ಟಿ 2019ರ ಡಿಸೆಂಬರ್‌ನಿಂದ ಹಗಲು ರಾತ್ರಿ, ವರ್ಷವಿಡೀ ತೆರೆದೇ ಇದೆ, ನಿಜ. ಆದರೂ ಶಾಖೆಯಲ್ಲಿ ಬರೆದುಕೊಟ್ಟ ಸೂಚನೆಗಳನ್ನು ರಜೆ ಬಂದರೆ ಮುಂದಿನ ಕೆಲಸದ ದಿನಕ್ಕೆ ಹಾಕುವ ಬ್ಯಾಂಕುಗಳಿವೆ. ನಿಮ್ಮದು ಅಂಥದ್ದು ಅಂತ ಕಾಣುತ್ತದೆ. ಹಿಂದಿನ ಐದಾರು ತಿಂಗಳು 18,000 ಮೊದಲು ಬಂದು ಇಎಂಐ ಆಮೇಲೆ ಬಂದದ್ದು ಅದೃಷ್ಟ ಅಷ್ಟೇ. ಒಂದೇ ದಿನ ಎರಡನ್ನೂ ಇಟ್ಟರೆ ಯಾವುದು ಮೊದಲು ಎನ್ನುವುದು ನಿಮ್ಮ ಕೈಯಲ್ಲಿಲ್ಲ.

ಎರಡನೇ ಬೌನ್ಸ್ ನನಗೆ ಹೆಚ್ಚು ಬೇಸರ ತರಿಸಿತು. ನೀವು ಕಳಿಸಿದ ಪಾಸ್‌ಬುಕ್ ಪುಟದ ಲೆಕ್ಕ ನೋಡಿ. 5ರ ಬೆಳಗ್ಗೆ ಖಾತೆಯಲ್ಲಿ 600 ರೂ. ಇತ್ತು. ಇಎಂಐ ವಾಪಸ್, 295 ಕಡಿತ, ಉಳಿದದ್ದು 305. 6ಕ್ಕೆ 18,000 ಬಂತು, ಒಟ್ಟು 18,305. ಅದೇ ದಿನ ಲಿಂಕ್ ಮೂಲಕ 14,790 ಕಟ್ಟಿದಿರಿ, ಉಳಿದದ್ದು 3,515. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಬೌನ್ಸ್ ಆದ ಇಎಂಐಯನ್ನು ಎರಡು ಮೂರು ದಿನ ಬಿಟ್ಟು ಮತ್ತೆ ಹಾಕುವುದು ಸಾಲ ಕೊಡುವ ಕಂಪನಿಗಳ ರೂಢಿ. ಆ ಪಟ್ಟಿ ಮೊದಲೇ ತಯಾರಾಗಿರುತ್ತದೆ. ನೀವು ಲಿಂಕ್‌ನಲ್ಲಿ ಕಟ್ಟಿದ್ದು ಅವರ ಪಟ್ಟಿಗೆ ತಲುಪಿರಲಿಲ್ಲ. 8ಕ್ಕೆ ಮತ್ತೆ 14,200 ಕೇಳಿದರು, ಇದ್ದದ್ದು 3,515. ಮತ್ತೆ 295 ಹೋಯಿತು. ಒಟ್ಟು ದಂಡ 1,180 ರೂ. ಇದರಲ್ಲಿ ಎರಡನೇ 295 ನಿಮ್ಮ ತಲೆಗೆ ಬರಬಾರದಿತ್ತು.

ಅದನ್ನು ವಾಪಸ್ ಕೇಳಿ. ಬ್ಯಾಂಕನ್ನಲ್ಲ, ಸಾಲದ ಕಂಪನಿಯನ್ನು. "6ನೇ ತಾರೀಖು ಇಎಂಐ ಮತ್ತು ದಂಡ ಪೂರ್ತಿ ಕಟ್ಟಿದ್ದೇನೆ, ರಸೀದಿ ಲಗತ್ತಿಸಿದ್ದೇನೆ. ಆದರೂ 8ಕ್ಕೆ ಮ್ಯಾಂಡೇಟ್ ಮತ್ತೆ ಹಾಕಿದ್ದರಿಂದ ನನ್ನ ಬ್ಯಾಂಕಿನಲ್ಲಿ 295 ರೂ. ಕಡಿತವಾಗಿದೆ. ಅದನ್ನು ಮುಂದಿನ ಕಂತಿನಲ್ಲಿ ಹೊಂದಿಸಿಕೊಡಿ. 8ರ ವಾಪಸಿಗೆ ನನ್ನ ಸಾಲದ ಖಾತೆಗೆ ಬೇರೆ ದಂಡ ಹಾಕಿದ್ದರೆ ತೆಗೆಯಿರಿ" ಎಂದು ಇಮೇಲ್ ಮಾಡಿ. ಫೋನಿನಲ್ಲಿ ಹೇಳಿದ್ದಕ್ಕೆ ದಾಖಲೆ ಇರುವುದಿಲ್ಲ. 30 ದಿನದಲ್ಲಿ ಉತ್ತರ ಬರದಿದ್ದರೆ ಅಥವಾ ಬಂದ ಉತ್ತರ ಸಮಾಧಾನ ಕೊಡದಿದ್ದರೆ ಮೇಲೆ ದೂರು ಕೊಡುವ ದಾರಿ ಇದೆ. ಬ್ಯಾಂಕಿನ ಮೇಲಿನ ದೂರಾದರೆ ಆರ್‌ಬಿಐ ಒಂಬುಡ್ಸ್‌ಮನ್, ಸಹಾಯವಾಣಿ 14448. ಹೌಸಿಂಗ್ ಫೈನಾನ್ಸ್ ಕಂಪನಿಯಾದರೆ ನ್ಯಾಷನಲ್ ಹೌಸಿಂಗ್ ಬ್ಯಾಂಕ್. 295 ರೂಪಾಯಿಗೆ ಇಷ್ಟೆಲ್ಲಾ ಯಾಕೆ ಅನ್ನಿಸಬಹುದು. ಆದರೆ ಬರವಣಿಗೆಯಲ್ಲಿ ಕೇಳಿದವರಿಗೆ ಹೆಚ್ಚಾಗಿ ಮೊದಲ ಹಂತದಲ್ಲೇ ಸಿಗುತ್ತದೆ. ಮುಂದೆ ಹೀಗೆ ಬೌನ್ಸ್ ಆದರೆ ಲಿಂಕ್ ಒತ್ತುವ ಮುಂಚೆ ಕಂಪನಿಗೆ ಒಂದು ಮಾತು ಕೇಳಿ: "ಮತ್ತೆ ಯಾವಾಗ ಹಾಕುತ್ತೀರಿ?" ನಾಳೆ ನಾಡಿದ್ದು ಎಂದರೆ ಸುಮ್ನೆ ಹಣ ಖಾತೆಯಲ್ಲೇ ಬಿಡಿ, ಅವರೇ ಎಳೆದುಕೊಳ್ಳುತ್ತಾರೆ.

ಭಾವನವರ ಮಾತಿಗೆ ಬರುತ್ತೇನೆ. ಅವರ ಕಾಳಜಿ ಸರಿಯೇ, ಆದರೆ ಮ್ಯಾಂಡೇಟ್ ಖಾಲಿ ಚೆಕ್ ಅಲ್ಲ. ಅದರಲ್ಲಿ ಯಾರು ಎಳೆಯಬಹುದು, ಹೆಚ್ಚೆಂದರೆ ಎಷ್ಟು, ಎಷ್ಟು ದಿನಕ್ಕೊಮ್ಮೆ, ಯಾವತ್ತಿನಿಂದ ಯಾವತ್ತಿನವರೆಗೆ ಎಂದು ಬರೆದಿರುತ್ತದೆ. ಪ್ರತಿ ಮ್ಯಾಂಡೇಟಿಗೂ ಯುಎಂಆರ್‌ಎನ್ ಎಂಬ 20 ಅಕ್ಷರ-ಅಂಕೆಗಳ ಗುರುತು ಇರುತ್ತದೆ. ಆದರೂ ಭಾವನವರ ಮಾತಿನಲ್ಲಿ ಒಂದು ಪಾಲು ಸತ್ಯವಿದೆ. ಗರಿಷ್ಠ ಮೊತ್ತದ ಜಾಗದಲ್ಲಿ ಕಂಪನಿಗಳು ಇಎಂಐಗಿಂತ ಜಾಸ್ತಿ ಬರೆಸಿಕೊಂಡಿರುತ್ತವೆ. ಬಡ್ಡಿ ದರ ಏರಿದರೆ, ಕಂತು ಬಾಕಿ ಉಳಿದರೆ ಎಂಬ ಕಾರಣ ಕೊಡುತ್ತಾರೆ, ಅದು ಸುಳ್ಳಲ್ಲ. ಆದರೆ 14,200ರ ಇಎಂಐಗೆ ಲಕ್ಷ ರೂಪಾಯಿಯ ಮಿತಿ ಇದ್ದರೆ ಯಾಕೆ ಎಂದು ಕೇಳುವ ಹಕ್ಕು ನಿಮಗಿದೆ. ಕೊನೆಯ ತಾರೀಖನ್ನೂ ನೋಡಿ. ಹಳೆಯ ಮ್ಯಾಂಡೇಟುಗಳಲ್ಲಿ "ರದ್ದು ಮಾಡುವವರೆಗೆ" ಎಂಬ ಆಯ್ಕೆ ಇತ್ತು. ಸಾಲ ತೀರಿದ ಮೇಲೂ ಅಂಥವು ಜೀವಂತ ಇರುತ್ತವೆ, ಅವನ್ನು ನೀವೇ ಹೋಗಿ ರದ್ದು ಮಾಡಿಸಬೇಕು.

ಜೈಲಿನ ಮಾತು ಎಲ್ಲಿಂದ ಬಂತು ಅಂದರೆ, 2007ರ ಪೇಮೆಂಟ್ ಅಂಡ್ ಸೆಟಲ್‌ಮೆಂಟ್ ಸಿಸ್ಟಮ್ಸ್ ಕಾಯ್ದೆಯ 25ನೇ ಕಲಂನಿಂದ. ಸಾಲಕ್ಕೆಂದು ಕೊಟ್ಟ ಮ್ಯಾಂಡೇಟ್ ಹಣವಿಲ್ಲದೆ ವಾಪಸಾದರೆ ಎರಡು ವರ್ಷದವರೆಗೆ ಸಜೆ, ಇಲ್ಲವೇ ಮೊತ್ತದ ಎರಡು ಪಟ್ಟಿನವರೆಗೆ ದಂಡ, ಅಥವಾ ಎರಡೂ ಆಗಬಹುದು ಎಂದು ಅಲ್ಲಿದೆ. ಚೆಕ್ ಬೌನ್ಸ್ ಕೇಸಿನ ತಮ್ಮನಿದ್ದ ಹಾಗೆ ಅದು. ಆದರೆ ಆ ಹಂತಕ್ಕೆ ಹೋಗಬೇಕಾದರೆ ಕಂಪನಿ 30 ದಿನದೊಳಗೆ ಲಿಖಿತ ನೋಟಿಸ್ ಕೊಡಬೇಕು. ನೋಟಿಸ್ ಸಿಕ್ಕಿ 15 ದಿನವಾದರೂ ನೀವು ಕಟ್ಟದೇ ಇರಬೇಕು. ನೀವು ಮರುದಿನವೇ ಕಟ್ಟಿದ್ದೀರಿ, ಕೇಸಿನ ಪ್ರಶ್ನೆಯೇ ಇಲ್ಲ. ನಿಮ್ಮ ಆರ್‌ಡಿ ಕಂತು ತಪ್ಪಿದರೆ ಈ ಕಲಂ ತಾಗುವುದೂ ಇಲ್ಲ, ಯಾಕೆಂದರೆ ಅದು ಯಾರಿಗೋ ಕೊಡಬೇಕಾದ ಬಾಕಿ ಅಲ್ಲ, ನಿಮ್ಮದೇ ಉಳಿತಾಯ.

ಕ್ರೆಡಿಟ್ ಸ್ಕೋರ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಅಲ್ಲಿ ಎಣಿಕೆಗೆ ಬರುವುದು ಕಂತು ಎಷ್ಟು ದಿನ ಬಾಕಿ ಇತ್ತು ಎಂಬುದು. 2025ರ ಜನವರಿಯಿಂದ ಸಾಲದ ಮಾಹಿತಿ ಕನಿಷ್ಠ 15 ದಿನಕ್ಕೊಮ್ಮೆ ಸ್ಕೋರ್ ಲೆಕ್ಕ ಹಾಕುವ ಕ್ರೆಡಿಟ್ ಕಂಪನಿಗಳಿಗೆ ಹೋಗುತ್ತಿದೆ, ಮೊದಲು ತಿಂಗಳಿಗೊಮ್ಮೆ ಇತ್ತು. ಹೀಗಾಗಿ ತಿಂಗಳ ಕೊನೆಯೊಳಗೆ ಕಟ್ಟಿದರೆ ಸಾಕು ಎಂಬ ಹಳೆಯ ಲೆಕ್ಕ ಈಗ ನಡೆಯುವುದಿಲ್ಲ. ಒಂದು ದಿನದ ತಡ ನಿಮಗೆ ತೊಂದರೆ ಮಾಡಲಿಕ್ಕಿಲ್ಲ. ಆದರೆ ಮುಂದಿನ ತಿಂಗಳು ನಿಮ್ಮ ಕ್ರೆಡಿಟ್ ವರದಿ ತೆಗೆದು, ಎರಡನೇ ಬೌನ್ಸ್‌ನಿಂದ ಬಾಕಿ ಎಂದೇನಾದರೂ ತಪ್ಪು ದಾಖಲಾಗಿದೆಯಾ ನೋಡಿ. ವರ್ಷಕ್ಕೊಮ್ಮೆ ಪೂರ್ಣ ವರದಿ ಪುಕ್ಕಟೆ ಸಿಗುತ್ತದೆ.

ಇನ್ನು ಏನು ಮಾಡಬೇಕು ಎನ್ನುವುದು. ನಿಮ್ಮ ನಿಜವಾದ ತೊಡಕು ಭಾನುವಾರದ್ದಲ್ಲ. ಪಗಾರ 1ರಿಂದ 6ರವರೆಗೆ ಓಡಾಡುತ್ತದೆ, ಇಎಂಐ ಮಾತ್ರ 5ಕ್ಕೆ ಗಟ್ಟಿಯಾಗಿ ಕೂತಿದೆ. ಪಗಾರ 6ಕ್ಕೆ ಬಂದ ತಿಂಗಳು ನಿಮ್ಮ ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ನೇ ಫೇಲ್ ಆಗುತ್ತದೆ. ಅದಕ್ಕೂ ಕೆಲವು ಬ್ಯಾಂಕುಗಳು ಶುಲ್ಕ ಹಾಕುತ್ತವೆ.

ನನಗೆ ಎಲ್ಲಕ್ಕಿಂತ ಇಷ್ಟವಾದ ದಾರಿ, ಇಎಂಐ ಕಟ್ ಆಗುವ ಖಾತೆಯಲ್ಲಿ ಯಾವಾಗಲೂ ಒಂದು ಕಂತಿನಷ್ಟು ಹಣ ಮುಂಗಡವಾಗಿ ಇಡುವುದು. ಅಂದರೆ ಈ ತಿಂಗಳು ಕಳಿಸಿದ ಹಣ ಬರುವ ತಿಂಗಳ ಇಎಂಐಗೆ. ಆಗ ಪಗಾರ 1ಕ್ಕೆ ಬಂದರೇನು, 6ಕ್ಕೆ ಬಂದರೇನು, ಭಾನುವಾರವಾದರೇನು? ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ ತಾರೀಖನ್ನು 8ಕ್ಕೆ ಸರಿಸಿ. 10ರ ಆರ್‌ಡಿಗೂ ಹಣ ಇರುತ್ತದೆ. ಒಂದು ಸಲ 14,200 ಹೊಂದಿಸುವುದು ಕಷ್ಟ ಎಂದು ಗೊತ್ತು. ಮುಂದಿನ ಡಿಎ (ತುಟ್ಟಿಭತ್ಯೆ) ಬಾಕಿ ಬಂದಾಗ ಅದನ್ನು ಇದಕ್ಕೇ ಎತ್ತಿಡಿ. ತಿಂಗಳ ಆ 800 ರೂ. ಎಟಿಎಂನಿಂದ ತೆಗೆಯುವುದನ್ನೂ ನಿಲ್ಲಿಸಿ. ಬರೀ ಅದರಿಂದಲೇ ತುಂಬಿಸಿದರೂ ಹದಿನೆಂಟು ತಿಂಗಳಲ್ಲಿ ಒಂದು ಕಂತು ಮೀರುತ್ತದೆ. ಹೀಗೆ ಹಣ ಸುಮ್ನೆ ಕೂತಿರುತ್ತದಲ್ಲ, ಬಡ್ಡಿ ಕಡಿಮೆಯಲ್ಲವೇ ಎನ್ನಬಹುದು. ಉಳಿತಾಯ ಖಾತೆಯ ಬಡ್ಡಿ ಕಡಿಮೆಯೇ. ಆದರೆ ಒಂದೇ ತಿಂಗಳಲ್ಲಿ ನೀವು ಕಳೆದುಕೊಂಡ 1,180 ರೂಪಾಯಿ, 14,200ಕ್ಕೆ ಎಫ್‌ಡಿಯಲ್ಲಿ ಒಂದು ವರ್ಷಕ್ಕೆ ಸಿಗುವ ಬಡ್ಡಿಗಿಂತಲೂ ಜಾಸ್ತಿ.

ಎರಡನೆಯ ದಾರಿ, ನಡುವಿನ ಖಾತೆಯನ್ನೇ ತೆಗೆದುಹಾಕಿ ಇಎಂಐ ನೇರವಾಗಿ ಪಗಾರ ಖಾತೆಯಿಂದ ಹೋಗುವಂತೆ ಮ್ಯಾಂಡೇಟ್ ಬದಲಿಸುವುದು. ಹಣ ಕಡಿಮೆ ಸಲ ಕೈ ಬದಲಾಯಿಸಿದಷ್ಟೂ ತಪ್ಪುವ ಜಾಗ ಕಡಿಮೆ. ಆದರೆ ಪಗಾರ 6ಕ್ಕೆ ಬರುವ ತಿಂಗಳು ಇಲ್ಲೂ ಬೌನ್ಸ್ ಆಗುತ್ತದೆ. ಇದಕ್ಕೆ ಜೊತೆಯಾಗಿ ಇಎಂಐ ತಾರೀಖನ್ನು 10ಕ್ಕೆ ಸರಿಸಿಕೊಡಿ ಎಂದು ಕೇಳಬೇಕು. ಕೆಲವು ಕಂಪನಿಗಳು ಕೊಡುತ್ತವೆ, ನಡುವಿನ ದಿನಗಳ ಬಡ್ಡಿ ಒಂದು ಸಲ ಕಟ್ಟಿಸಿಕೊಳ್ಳುತ್ತವೆ. ಕೆಲವು ಒಪ್ಪುವುದಿಲ್ಲ. ಮ್ಯಾಂಡೇಟ್ ಬದಲಿಸುವಾಗ ಒಂದು ವಿಷಯ ನೆನಪಿಡಿ: ಹೊಸದರಿಂದ ಮೊದಲ ಕಂತು ಸರಿಯಾಗಿ ಕಟ್ ಆಗುವವರೆಗೆ ಹಳೆಯದನ್ನು ರದ್ದು ಮಾಡಬೇಡಿ. ಆ ತಿಂಗಳು ಎರಡೂ ಖಾತೆಯಲ್ಲಿ ಹಣ ಇರಲಿ. ಎರಡೂ ಕಡೆ ಕಟ್ ಆದರೆ ಒಂದು ವಾಪಸ್ ಬರುತ್ತದೆ, ಬರುವವರೆಗೆ ಕೈ ಬಿಗಿಯಾಗುತ್ತದೆ ಅಷ್ಟೇ.

ಆರ್‌ಡಿ ವಿಷಯದಲ್ಲಿ ಹೆಚ್ಚು ಯೋಚನೆ ಬೇಡ. ಈಗಿನದು ಮುಗಿಯಲಿ. ಮುಂದಿನದನ್ನು ಪಗಾರ ಬರುವ ಬ್ಯಾಂಕಿನಲ್ಲೇ ತೆರೆಯಿರಿ. ಒಂದೇ ಬ್ಯಾಂಕಿನ ಒಳಗೆ ಹಣ ದಾಟಿಸುವುದಕ್ಕೆ ನ್ಯಾಚ್ ಬೇಕಿಲ್ಲ, ಎನ್‌ಇಎಫ್‌ಟಿಯೂ ಬೇಕಿಲ್ಲ.

ಎಲ್ಲವನ್ನೂ ನಿಲ್ಲಿಸಿ ಕೈಯಾರೆ ಕಟ್ಟುವುದು ಮೂರನೆಯ ದಾರಿ. ಕೆಲವರಿಗೆ ಅದು ಸರಿಹೋಗುತ್ತದೆ. ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಗಳಿಗೆ, ಹಾವೇರಿ ಕಡೆಯ ರೈತರಿಗೆ ನಾನೇ ಹೇಳಿದ್ದುಂಟು, ಸುಗ್ಗಿಯಲ್ಲಿ ಹಣ ಬರುವವರು ತಿಂಗಳ ಮ್ಯಾಂಡೇಟ್ ಕೊಟ್ಟು ಒದ್ದಾಡಬೇಡಿ, ಮೂರು ಅಥವಾ ಆರು ತಿಂಗಳಿಗೊಮ್ಮೆ ಕಂತು ಕೇಳಿ ಅಂತ. ನಿಮ್ಮದು ತಿಂಗಳ ಪಗಾರ. ನೀವು ಕೈಯಾರೆ ಕಟ್ಟಲು ಹೋದರೆ ಪರೀಕ್ಷೆ, ಮೌಲ್ಯಮಾಪನ, ಚುನಾವಣೆ ಡ್ಯೂಟಿಯ ನಡುವೆ ಒಂದು ತಿಂಗಳು ಮರೆಯುವ ಸಾಧ್ಯತೆಯೇ ಜಾಸ್ತಿ. ಜೊತೆಗೆ ಮ್ಯಾಂಡೇಟ್ ಇಲ್ಲದ ಸಾಲಕ್ಕೆ ಕೆಲವು ಕಂಪನಿಗಳು ಬೇರೆ ಶುಲ್ಕ ಹಾಕುತ್ತವೆ, ಒಪ್ಪಂದ ಓದಿ ನೋಡಿ. ಮ್ಯಾಂಡೇಟ್ ರದ್ದಾದ ಮಾತ್ರಕ್ಕೆ ಸಾಲ ನಿಲ್ಲುವುದಿಲ್ಲ ಎನ್ನುವುದು ನಿಮಗೆ ಗೊತ್ತೇ ಇದೆ, ಆದರೆ ಹಾಗೆ ತಿಳಿದು ಕೆಟ್ಟವರನ್ನು ನೋಡಿದ್ದೇನೆ.

ಯಾವತ್ತಾದರೂ ರದ್ದು ಮಾಡಲೇಬೇಕಾದರೆ, ಹಣ ಕಟ್ ಆಗುವ ನಿಮ್ಮ ಬ್ಯಾಂಕಿಗೇ ಹೋಗಿ. ಯುಎಂಆರ್‌ಎನ್ ಬರೆದು ಅರ್ಜಿ ಕೊಡಿ, ಸೀಲು ಹಾಕಿದ ಪ್ರತಿ ಇಟ್ಟುಕೊಳ್ಳಿ. ಕಂಪನಿಗೂ ತಿಳಿಸಿ. ಆ ಸೀಲಿನ ಪ್ರತಿಗೆ ಬಹಳ ಬೆಲೆ ಇದೆ. 2019ರ ಸೆಪ್ಟೆಂಬರ್‌ನ ಆರ್‌ಬಿಐ ನಿಯಮದಂತೆ, ನೀವು ಬ್ಯಾಂಕಿನಲ್ಲಿ ಮ್ಯಾಂಡೇಟ್ ಹಿಂಪಡೆದ ಮೇಲೂ ಹಣ ಕಟ್ ಆದರೆ ಹೊಣೆ ಬ್ಯಾಂಕಿನದು. ಮರುದಿನದೊಳಗೆ ಸರಿಪಡಿಸಬೇಕು, ತಡವಾದರೆ ದಿನಕ್ಕೆ 100 ರೂ. ಪರಿಹಾರ ಕೊಡಬೇಕು. ಈ ನಿಯಮ ಗೊತ್ತಿರುವ ಗ್ರಾಹಕರು ಬಹಳ ಕಡಿಮೆ. ಕೌಂಟರಿನಲ್ಲಿ ಕೂತವರಿಗೂ ಎಲ್ಲರಿಗೂ ಗೊತ್ತಿರುತ್ತದೆ ಎನ್ನಲಾರೆ, ಹಾಗಾಗಿ ವಿನಯದಿಂದಲೇ ನೆನಪಿಸಿ.

ಯುಪಿಐ ಆಟೊಪೇ ಇದಕ್ಕಿಂತ ಬೇರೆ. ಅದರಲ್ಲಿ ಕಟ್ ಆಗುವ 24 ಗಂಟೆ ಮುಂಚೆ ಮೆಸೇಜ್ ಬರುತ್ತದೆ, ಆ್ಯಪ್‌ನಲ್ಲೇ ನಿಲ್ಲಿಸಬಹುದು. ನ್ಯಾಚ್‌ಗೆ ಆ ನಿಯಮ ಇಲ್ಲ. ಕಂಪನಿ ಮೆಸೇಜ್ ಕಳಿಸಿದರೆ ಅದು ಅವರ ಒಳ್ಳೆಯತನ. "ಮ್ಯಾಂಡೇಟ್ ರದ್ದು ಮಾಡಿಕೊಡುತ್ತೇವೆ, ಪಿನ್ ಹಾಕಿ" ಎಂದು ಯಾರಾದರೂ ಫೋನ್ ಮಾಡಿದರೆ ಇಟ್ಟುಬಿಡಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ನಮ್ಮ ಭಾಗದವರು ಇನ್ನೊಂದನ್ನು ನೋಡಿಕೊಳ್ಳಬೇಕು. ಸಿಂಡಿಕೇಟ್ ಬ್ಯಾಂಕ್ 2020ರಲ್ಲಿ ಕೆನರಾದಲ್ಲಿ ಸೇರಿತು. ಧಾರವಾಡದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ 2025ರ ಮೇ 1ರಿಂದ ಬಳ್ಳಾರಿ ಕೇಂದ್ರದ ಕರ್ನಾಟಕ ಗ್ರಾಮೀಣ ಬ್ಯಾಂಕಿನ ಭಾಗವಾಯಿತು. ಇಂಥ ವಿಲೀನವಾದಾಗ ಶಾಖೆಯನ್ನು ಗುರುತಿಸುವ ಐಎಫ್‌ಎಸ್‌ಸಿ ಕೋಡ್ ಬದಲಾಗಬಹುದು. ನಿಮ್ಮ ಎರಡರಲ್ಲಿ ಯಾವುದಾದರೂ ಅಂಥ ಖಾತೆಯಾಗಿದ್ದರೆ, ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್‌ನಲ್ಲಿ ಇರುವ ಕೋಡ್ ಈಗಿನದೇ ಎಂದು ಒಮ್ಮೆ ನೋಡಿ.

ಸುಕನ್ಯಾ ಖಾತೆಯನ್ನು ಈ ಜಂಜಾಟಕ್ಕೆ ಎಳೆಯಬೇಡಿ. ಅದಕ್ಕೆ ವರ್ಷಕ್ಕೆ ಕನಿಷ್ಠ 250 ರೂ., ಗರಿಷ್ಠ 1.5 ಲಕ್ಷ. ತಿಂಗಳ ಕಂತಿನ ಒತ್ತಾಯವಿಲ್ಲ, ತಪ್ಪಿದರೆ ಬೌನ್ಸ್ ದಂಡವಿಲ್ಲ. ತಿಂಗಳ 5ರೊಳಗೆ ಕಟ್ಟಿದರೆ ಆ ತಿಂಗಳ ಬಡ್ಡಿ ಸಿಗುತ್ತದೆ, ಆದರೆ ಅದಕ್ಕಾಗಿ ಇಎಂಐ ಹಣಕ್ಕೆ ಕೈ ಹಾಕಬೇಡಿ. ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕ್ ಖಾತೆ ಇದ್ದರೆ ಅದರ ಆ್ಯಪ್‌ನಿಂದಲೇ ಕಟ್ಟಬಹುದು.

ಕೊನೆಗೆ ಪಿಗ್ಮಿ. ಗದಗಿನವರಿಗೆ ಸಹಕಾರ ಸಂಘದ ಮೇಲೆ ಇರುವ ನಂಬಿಕೆ ಸುಮ್ನೆ ಬಂದದ್ದಲ್ಲ. 1905ರಲ್ಲಿ ನಿಮ್ಮ ಪಕ್ಕದ ಕಣಗಿನಹಾಳದಲ್ಲೇ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಬಾಗಿಲಿಗೆ ಬಂದು ದಿನದ ಹಣ ಒಯ್ಯುವ ಏಜೆಂಟರಿಂದ ಎಷ್ಟೋ ಮನೆಗಳಲ್ಲಿ ಉಳಿತಾಯ ಶುರುವಾಗಿದೆ, ನನಗೂ ಅದರ ಬಗ್ಗೆ ಗೌರವವಿದೆ. ಆದರೆ ನಿಮ್ಮ ಏಜೆಂಟರು ಯಾರ ಪರವಾಗಿ ಬರುತ್ತಾರೆ ಎಂದು ಮೊದಲು ಕೇಳಿ. ಆರ್‌ಬಿಐ ಲೈಸೆನ್ಸ್ ಇರುವ ಸಹಕಾರಿ ಬ್ಯಾಂಕಾದರೆ 5 ಲಕ್ಷ ರೂ.ವರೆಗಿನ ಠೇವಣಿಗೆ ಡಿಐಸಿಜಿಸಿ (ಆರ್‌ಬಿಐನ ಠೇವಣಿ ವಿಮಾ ನಿಗಮ) ವಿಮೆ ಇದೆ. ಪತ್ತಿನ ಸಹಕಾರಿ ಸಂಘ ಅಥವಾ ಸೌಹಾರ್ದ ಸಹಕಾರಿಯಾದರೆ ಆ ವಿಮೆ ಇಲ್ಲ. ಪಾಸ್‌ಬುಕ್‌ನಲ್ಲಿ ಅದೇ ದಿನ ಬರೆಸಿಕೊಳ್ಳಿ ಅಥವಾ ಯಂತ್ರದ ರಸೀದಿ ತೆಗೆದುಕೊಳ್ಳಿ. ಹಬ್ಬಕ್ಕೆ, ಶಾಲೆ ಫೀಗೆ ಎಂದು ದಿನಕ್ಕೆ ಐವತ್ತು ನೂರು ಕೂಡಿಡಲು ಪಿಗ್ಮಿ ಇರಲಿ. ಇಎಂಐ ಹಣ ಮಾತ್ರ ಅಲ್ಲಿಗೆ ಹೋಗುವುದು ಬೇಡ. ಅವಧಿಗೆ ಮುಂಚೆ ತೆಗೆದರೆ ಸಾಮಾನ್ಯವಾಗಿ ಕಡಿತವಿರುತ್ತದೆ. ಮತ್ತೆ, ತಿಂಗಳ 5ನೇ ತಾರೀಖಿನ ಬೆಳಗ್ಗೆ ಕಂಪನಿ ಹುಡುಕುವುದು ನಿಮ್ಮ ಬ್ಯಾಂಕ್ ಖಾತೆಯನ್ನು, ಪಿಗ್ಮಿ ಪುಸ್ತಕವನ್ನಲ್ಲ.